ಕಾಳಿ ನದಿಯಲ್ಲಿ ಇಡೀ ದಿನ ಬಾಡಿಗೆ ದೋಣಿ: ಎಲ್ಲಿಂದ ಹೊರಡಬೇಕು, ಯಾವ ದಿನ ಹೊರಡಬೇಕು?

ಅಡಿಕೆತೋಟ (ಶಿರಸಿ):
ಎಲ್ಲರಿಗೂ ನಮಸ್ಕಾರ. ಡಿಸೆಂಬರಿನಲ್ಲಿ ಮುಂಬೈಯಿಂದ ತಮ್ಮನ ಸಂಸಾರ ಬರುತ್ತದೆ. ಘಟ್ಟದ ಮೇಲಿನ ನಮಗೆ ಹೊಳೆಯೆಂದರೆ ಬೇಸಿಗೆಯಲ್ಲಿ ಕಲ್ಲು ಮೆಟ್ಟಿ ದಾಟುವ ಹೊಳೆ. ಒಂದು ದಿನವಾದರೂ ದೊಡ್ಡ ನದಿಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಇರಬೇಕೆಂದು ಅಮ್ಮನಿಗೆ ಬಹಳ ದಿನದ ಆಸೆ. ಅರ್ಧ ಗಂಟೆ ಸುತ್ತಿಸಿ ತಂದು ಬಿಡುವ ದೋಣಿ ಬೇಡ. ನಮಗೇ ಎಂದು ಒಂದು ದೋಣಿ, ಓಡಿಸುವವರು ಊರಿನವರು, ಊಟ ನಮ್ಮದೇ. ಕದ್ರಾ ಅಣೆಕಟ್ಟಿನ ಕೆಳಗೆ ಹತ್ತಿ, ಕಾರವಾರದ ಎದುರು ದಡದ ಸದಾಶಿವಗಡದಲ್ಲಿ ಇಳಿಯುವುದು ನನ್ನ ಯೋಜನೆ. ನಕ್ಷೆಯಲ್ಲಿ ಸಲೀಸಾಗಿ ಕಾಣುತ್ತದೆ. ಅಮ್ಮನಿಗೆ ಎಪ್ಪತ್ತು ದಾಟಿದೆ, ಮೊಣಕಾಲು ನೋವಿದೆ. ಇಬ್ಬರು ಸಣ್ಣ ಮಕ್ಕಳಿದ್ದಾರೆ. ತಿಳಿದವರು ಹೇಳಿ.

ಕೋಡಿಬಾಗದವ:
ನಕ್ಷೆಯಲ್ಲಿ ಎಲ್ಲ ನದಿಯೂ ಸಲೀಸು, ಅಣ್ಣ.

ಕದ್ರಾದಿಂದ ಹೊರಡುವ ಆಸೆಯನ್ನು ಬಿಟ್ಟುಬಿಡಿ. ಅಣೆಕಟ್ಟಿನ ಕೆಳಗೆ ನೀರು ಮಳೆಯನ್ನು ಕೇಳಿ ಏರುವುದಿಲ್ಲ, ವಿದ್ಯುತ್ತಿನ ಬೇಡಿಕೆಯನ್ನು ಕೇಳಿ ಏರುತ್ತದೆ. ಅಲ್ಲಿ ಐವತ್ತು ಮೆಗಾವಾಟಿನ ಮೂರು ಯಂತ್ರಗಳಿವೆ. ಅವು ತಿರುಗಿದರೆ ಸುಡುಬಿಸಿಲಿನಲ್ಲೂ ಹೊಳೆ ತುಂಬುತ್ತದೆ, ನಿಂತರೆ ಮೇಲ್ಭಾಗದಲ್ಲಿ ನೀರು ತೆಳುವಾಗುತ್ತದೆ. ಮೊಣಕಾಲು ನೋವಿರುವ ತಾಯಿಯನ್ನು ಅಲ್ಲಿ ದೋಣಿಗೆ ಹತ್ತಿಸುವುದಾದರೂ ಹೇಗೆ? ಧಕ್ಕೆ, ಅಂದರೆ ದೋಣಿಕಟ್ಟೆ, ಇರುವ ಕಡೆ ಹತ್ತಬೇಕು, ಧಕ್ಕೆ ಇರುವ ಕಡೆಯೇ ಇಳಿಯಬೇಕು.

ಹಣದ ಮಾತೂ ಇದೆ. ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿನ ಪ್ರಯಾಣವಾದರೆ ದೋಣಿ ಮೊದಲು ಖಾಲಿಯಾಗಿ ಮೇಲೆ ಬರಬೇಕು. ಆ ಇಂಧನವೂ ನಿಮ್ಮ ಲೆಕ್ಕಕ್ಕೇ ಬೀಳುತ್ತದೆ. ಕಾರವಾರದ ಪಕ್ಕ, ನದಿಯ ಬಾಯಿಯ ಹತ್ತಿರವಿರುವ ನಮ್ಮ ಕೋಡಿಬಾಗದಲ್ಲಿ ಹತ್ತಿ, ಉಬ್ಬರದ ಜೊತೆ ಮೇಲೆ ಹೋಗಿ, ಇಳಿತದ ಜೊತೆ ಕೆಳಗೆ ಬನ್ನಿ. ಹೋಗುವಾಗಲೂ ಬರುವಾಗಲೂ ನೀರೇ ದೂಡುತ್ತದೆ. ಊರಿನವರು ಎಂಜಿನ್ ಇಲ್ಲದ ಕಾಲದಿಂದ ಮಾಡಿಕೊಂಡು ಬಂದಿರುವುದೂ ಇದನ್ನೇ.

ಗೇರುಸೊಪ್ಪೆ_ಗಾಳಿ:
ಕಾಳಿಯೇ ಏಕೆ? ಹೊನ್ನಾವರಕ್ಕೆ ಬನ್ನಿ. ಶರಾವತಿಯ ಅಳಿವೆಯಲ್ಲಿ ದಿನಬಾಡಿಗೆಗೆ ದೋಣಿ ಸುಲಭವಾಗಿ ಸಿಗುತ್ತದೆ. ಕಾಸರಕೋಡಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಮಾವಿನಕುರ್ವೆ, ಎರಡೂ ದಡಕ್ಕೆ ತೆಂಗಿನ ತೋಟ. ತಲೆಯ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ರೈಲು ಸೇತುವೆ ಹಾಯುತ್ತದೆ, ಕೊಂಕಣ ರೈಲಿನ ಅತಿ ಉದ್ದದ ಸೇತುವೆ ಅದೇ. ಹತ್ತೊಂಬತ್ತನೆಯ ಶತಮಾನದಲ್ಲಿ ಜೋಗ ನೋಡಲು ಬಂದವರು ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ದೋಣಿಯಲ್ಲಿಯೇ ಹೋಗಿ, ಅಲ್ಲಿಂದ ಘಟ್ಟ ಹತ್ತುತ್ತಿದ್ದರು. ದಿನವಿಡೀ ನದಿಯ ಮೇಲಿರುವ ಪ್ರಯಾಣಕ್ಕೆ ನಮ್ಮಲ್ಲಿ ಅಷ್ಟು ಹಳೆಯ ಚರಿತ್ರೆಯಿದೆ. ಕಾರವಾರದವರು ಸ್ವಲ್ಪ ತಗ್ಗಿ ಮಾತನಾಡಲಿ.

ಕೋಡಿಬಾಗದವ:
ಗೇರುಸೊಪ್ಪೆಯಲ್ಲಿಯೂ ಅಣೆಕಟ್ಟು ಇದೆ, ಅಲ್ಲಿಯೂ ನೀರು ಬಿಡುವುದಿದೆ. ಉಳಿದದ್ದನ್ನು ಒಪ್ಪಿದೆ. ಆದರೆ ರಜೆಯ ದಿನ ನಿಮ್ಮ ಅಳಿವೆಯಲ್ಲಿ ದೋಣಿಗಳ ಸಾಲು ಸಂತೆಪೇಟೆಯ ಹಾಗೆ. ಅವರು ಕೇಳುತ್ತಿರುವುದು ಇಡೀ ದಿನದ ನೆಮ್ಮದಿ.

ತದಡಿತೀರ:
ಅಡಿಕೆತೋಟದವರೇ, ನಿಮ್ಮ ಶಿರಸಿಯ ಶಂಕರಹೊಂಡದ ನೀರೇ ನಮ್ಮ ಅಘನಾಶಿನಿ. ನ್ಯಾಯವಾಗಿ ನೀವು ನಮ್ಮಲ್ಲಿಗೆ ಬರಬೇಕಿತ್ತು. ಒಂದೂ ಅಣೆಕಟ್ಟಿಲ್ಲದ ನದಿ. 2024ರಲ್ಲಿ ನಮ್ಮ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು.

ಆದರೂ ಕರೆಯುವುದಿಲ್ಲ. ನಮ್ಮ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು, ಗಂಡಸರು ಸೊಂಟದ ನೀರಿನಲ್ಲಿ ನಿಂತು ಬೆಳಚು, ಅಂದರೆ ತಿನ್ನುವ ಚಿಪ್ಪು, ಆರಿಸುತ್ತಾರೆ. ಅವರ ದಿನದ ಸಂಪಾದನೆ ಆ ಕೆಲವು ಗಂಟೆಗಳಲ್ಲಿದೆ. ಆ ಹೊತ್ತಿಗೆ ಪಕ್ಕದಲ್ಲಿ ದೊಡ್ಡ ಎಂಜಿನ್ನಿನ ದೋಣಿ ಓಡಿದರೆ ಕೆಸರೆದ್ದು ಏನೂ ಕಾಣುವುದಿಲ್ಲ, ಅಲೆ ಬೇರೆ. ಗಜನಿಯ, ಅಂದರೆ ಉಪ್ಪುನೀರಿನ ಗದ್ದೆಯ, ಕಟ್ಟೆಗಳಿಗೂ ಅಲೆಯ ಹೊಡೆತ ಒಳ್ಳೆಯದಲ್ಲ. ಬರುವುದಿದ್ದರೆ ಹುಟ್ಟು ಹಾಕುವ ಪಾತಿ ದೋಣಿಯಲ್ಲಿ ಎರಡು ಗಂಟೆ ಬನ್ನಿ. ಮಿರ್ಜಾನ ಕೋಟೆ ನೋಡಿ, ಸಾಣಿಕಟ್ಟೆಯ ಉಪ್ಪಿನ ಆಗರ ನೋಡಿ, ಒಂದು ಚೀಲ ಉಪ್ಪು ಕೊಂಡು ಹೋಗಿ. ಇಡೀ ದಿನ ಎಂಜಿನ್ ಓಡಿಸುವ ಆಸೆ ಇದ್ದರೆ ಕಾಳಿಗೇ ಹೋಗಿ. ಅದು ಅಗಲ, ಆಳ, ತಡೆದುಕೊಳ್ಳುತ್ತದೆ.

ನೀರುಕಾಗೆ:
ತದಡಿಯವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆ. ಕಾಳಿ ಎಲ್ಲವನ್ನೂ ತಡೆದುಕೊಳ್ಳುತ್ತದೆ ಎಂಬುದಕ್ಕೆ ಮಾತ್ರ ಇಲ್ಲ. ಕಾಂಡ್ಲಾದ ಕಿರುಗಾಲುವೆಗಳ ಒಳಗೆ ಎಂಜಿನ್ ಹಾಕಿಕೊಂಡು ನುಗ್ಗಬೇಡಿ. ಬಾಯಿಯಲ್ಲಿಯೇ ಎಂಜಿನ್ ನಿಲ್ಲಿಸಿ ಕಾಯಿರಿ. ಬೆಳ್ಳಕ್ಕಿ, ಮಿಂಚುಳ್ಳಿ, ಗರುಡ ತಾವಾಗಿಯೇ ಬರುತ್ತವೆ. ಬಿಳಿಹೊಟ್ಟೆಯ ಕಡಲಹದ್ದು ಸಿಕ್ಕರೆ ನಿಮ್ಮ ಅದೃಷ್ಟ. ಹಾಡು ಹಾಕುವ ಸ್ಪೀಕರನ್ನು ದಯವಿಟ್ಟು ಮನೆಯಲ್ಲಿ ಬಿಡಿ.

ಅಡಿಕೆತೋಟ (ಶಿರಸಿ):
ಸ್ಪೀಕರ್ ತಮ್ಮನದು. ಬಿಡಿಸುವ ಹೊಣೆ ನನ್ನದು. ಕಾಳಿಯೆಂದೇ ಇಟ್ಟುಕೊಳ್ಳೋಣ. ಉಬ್ಬರದ ಜೊತೆ ಮೇಲೆ, ಇಳಿತದ ಜೊತೆ ಕೆಳಗೆ ಎಂದಿರಲ್ಲ, ಯಾವ ದಿನ ಯಾವ ಹೊತ್ತಿಗೆ ಉಬ್ಬರ ಎಂದು ಶಿರಸಿಯಲ್ಲಿ ಕುಳಿತವನಿಗೆ ತಿಳಿಯುವುದು ಹೇಗೆ?

ದೇವಬಾಗ_ಅಲೆ:
ಮನೆಯಲ್ಲಿ ಪಂಚಾಂಗವಿದೆಯಲ್ಲ? ಸಾಕು. ತಿಥಿಯನ್ನು ಮುಕ್ಕಾಲರಿಂದ ಗುಣಿಸಿ. ಚೌತಿಗೆ ಮೂರು ಗಂಟೆ, ಅಷ್ಟಮಿಗೆ ಆರು, ಹುಣ್ಣಿಮೆ ಅಥವಾ ಅಮಾವಾಸ್ಯೆಗೆ ಹನ್ನೊಂದೂಕಾಲು. ಆ ಹೊತ್ತಿಗೆ ತುಂಬು ಉಬ್ಬರ, ಹಗಲಿಗೊಮ್ಮೆ, ರಾತ್ರಿಗೊಮ್ಮೆ. ನಡುವೆ ಸುಮಾರು ಆರು ಗಂಟೆ ಇಳಿತ. ಇದು ಮುಂಬೈ ಕಡೆಯ ಕೊಂಕಣ ತೀರದ ಲೆಕ್ಕ. ನಮ್ಮಲ್ಲಿ ಒಂದು ಗಂಟೆಯಷ್ಟು ಮೊದಲೇ ಆಗುತ್ತದೆ, ಆದರೆ ಹೊಳೆಯ ಒಳಗೆ ಮೇಲೆ ಹೋದಷ್ಟೂ ತಡವಾಗುತ್ತದೆ. ಹೊರಡುವ ಹಿಂದಿನ ದಿನ ಮೊಬೈಲಿನಲ್ಲಿ ಉಬ್ಬರದ ಪಟ್ಟಿ ನೋಡಿ ಖಚಿತ ಮಾಡಿಕೊಳ್ಳಿ. ದಿನ ಗೊತ್ತುಮಾಡಲು ಪಂಚಾಂಗ ಸಾಕು.

ಅಡಿಕೆತೋಟ (ಶಿರಸಿ):
ಹಾಗಾದರೆ ಹುಣ್ಣಿಮೆಯೇ ಒಳ್ಳೆಯದಲ್ಲವೇ? ಬೆಳಿಗ್ಗೆ ಉಬ್ಬರದಲ್ಲಿ ಮೇಲೆ, ಮಧ್ಯಾಹ್ನ ಊಟ ಮುಗಿಸಿ ಇಳಿತದಲ್ಲಿ ಕೆಳಗೆ. ನೀರೂ ಹೆಚ್ಚು.

ಕೋಡಿಬಾಗದವ:
ಕಾಗದದ ಮೇಲೆ ಸರಿ. ಗಾಳಿಯನ್ನು ಮರೆತಿರಿ.

ಚಳಿಗಾಲದಲ್ಲಿ ಇಲ್ಲಿ ಬೆಳಗಿನ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಬೀಸುತ್ತದೆ, ತಣ್ಣಗೆ, ನಿಧಾನವಾಗಿ. ಆ ಹೊತ್ತಿನಲ್ಲಿ ನದಿ ಕನ್ನಡಿ. ನೆಲ ಕಾದ ಮೇಲೆ, ಮಧ್ಯಾಹ್ನದ ಹೊತ್ತಿಗೆ, ಗಾಳಿ ತಿರುಗಿ ಕಡಲಿನಿಂದ ಒಳಕ್ಕೆ ಬೀಸಲು ಶುರುವಾಗುತ್ತದೆ. ಮೂರು, ನಾಲ್ಕು ಗಂಟೆಗೆ ಅದು ಜೋರು. ಹುಣ್ಣಿಮೆಯ ದಿನ ಇಳಿತ ಬಲವಾಗಿರುತ್ತದೆ, ಅದು ಹೊರಕ್ಕೆ ಎಳೆಯುತ್ತದೆ. ಗಾಳಿ ಒಳಕ್ಕೆ ದೂಡುತ್ತದೆ. ಎರಡೂ ಎದುರುಬದುರಾದ ಕಡೆ ನೀರು ಗಿಡ್ಡ ಗಿಡ್ಡ, ಕಡಿದಾದ ಅಲೆಗಳಾಗಿ ಏಳುತ್ತದೆ. ಕೋಡಿಬಾಗದ ಹೆದ್ದಾರಿ ಸೇತುವೆಯಿಂದ ಅಳಿವೆಯವರೆಗೆ ಇದರ ಆಟ ನೋಡಬೇಕು. ದೊಡ್ಡ ದೋಣಿಗೆ ಏನೂ ಅಲ್ಲ. ಚಪ್ಪಟೆ ತಳದ ಪ್ರವಾಸಿ ದೋಣಿಯಲ್ಲಿ ಕುಳಿತವರು ಪೂರ್ತಿ ಒದ್ದೆ, ಮಕ್ಕಳಿಗೆ ವಾಂತಿ, ತಾಯಿಗೆ ದೇವರ ನಾಮ.

ಅಷ್ಟಮಿಗೆ ಹೋದರೆ ಬೆಳಗಿನ ಇಳಿತ ಸಿಗುತ್ತದೆ, ಆದರೆ ಮೇಲಿನಿಂದ ಹೊರಡಬೇಕು, ಮತ್ತೆ ಖಾಲಿ ದೋಣಿಯ ಲೆಕ್ಕ. ನನ್ನನ್ನು ಕೇಳಿದರೆ ದ್ವಾದಶಿ. ಬೆಳಕು ಹರಿಯುವಾಗ ಉಬ್ಬರ ಏರುತ್ತಿರುತ್ತದೆ. ಒಂಬತ್ತು, ಹತ್ತರ ಹೊತ್ತಿಗೆ ಮೇಲೆ ನೀರು ನಿಲ್ಲುತ್ತದೆ. ಆಮೇಲೆ ನಿಧಾನವಾಗಿ ಇಳಿತ. ಎಂಜಿನ್ ಹೆಚ್ಚು ಬೇಡ. ಒಂದೂವರೆ, ಎರಡಕ್ಕೆ ಸೇತುವೆಯ ಹತ್ತಿರ ಬಂದುಬಿಡುತ್ತೀರಿ, ಗಾಳಿ ಇನ್ನೂ ಎಳೆಯದು.

ಅಡಿಕೆತೋಟ (ಶಿರಸಿ):
ದ್ವಾದಶಿ ಸಾಧ್ಯವಿಲ್ಲ. ಅಮ್ಮನಿಗೆ ಏಕಾದಶಿ ಉಪವಾಸ. ಮರುದಿನ ಸ್ನಾನ, ಪೂಜೆ, ಪಾರಣೆ ಮುಗಿಯದೆ ಹೊಸಿಲು ದಾಟುವವರಲ್ಲ. ಕಾರವಾರದಲ್ಲಿ ಆರೂವರೆಗೆ ದೋಣಿ ಹತ್ತುವುದೆಂದರೆ ಹಿಂದಿನ ರಾತ್ರಿಯೇ ದೇವಿಮನೆ ಘಟ್ಟ ಇಳಿದಿರಬೇಕು.

ದೇವಬಾಗ_ಅಲೆ:
ತ್ರಯೋದಶಿಗೆ ಇಟ್ಟುಕೊಳ್ಳಿ. ಮುಕ್ಕಾಲು ಗಂಟೆ ಮುಂದೆ ಹೋಗುತ್ತದೆ, ಅಷ್ಟೇ. ದ್ವಾದಶಿಯ ದಿನ ಪಾರಣೆ ಮುಗಿಸಿ, ಮಧ್ಯಾಹ್ನ ಹೊರಟು ರಾತ್ರಿ ಕಾರವಾರದಲ್ಲಿ ತಂಗಿ.

ಹಳೆಯ_ಕಾರವಾರ:
ಇಳಿತದ ಮಾತು ಬಂದದ್ದರಿಂದ ಹೇಳುತ್ತೇನೆ. 1880ರ ದಶಕದ ಆರಂಭದಲ್ಲಿ ತರುಣ ರವೀಂದ್ರನಾಥ ಟಾಗೋರ್ ಕಾರವಾರಕ್ಕೆ ಬಂದಿದ್ದರು. ಅಣ್ಣ ಸತ್ಯೇಂದ್ರನಾಥರು, ಐಸಿಎಸ್ ಪಾಸಾದ ಮೊದಲ ಭಾರತೀಯರು, ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಒಂದು ಬೆಳದಿಂಗಳ ಸಂಜೆ ಎಲ್ಲರೂ ಸಣ್ಣ ದೋಣಿಯಲ್ಲಿ ಕಾಳಿಯ ಮೇಲ್ಮುಖವಾಗಿ ಹೋದರು. ಗುಡ್ಡದ ಕೋಟೆಯ ಹತ್ತಿರ ಇಳಿದರು, ಒಬ್ಬ ರೈತನ ಅಂಗಳದಲ್ಲಿ ಕುಳಿತು ಉಂಡರು. ಹಿಂದಿರುಗುವಾಗ ದೋಣಿಯನ್ನು ಇಳಿತಕ್ಕೆ ಬಿಟ್ಟರು. ಅಳಿವೆ ಮುಟ್ಟಲು ಬಹಳ ಹೊತ್ತಾಯಿತು, ಅಲ್ಲಿಂದ ಮರಳಿನ ಮೇಲೆ ನಡೆದೇ ಮನೆ ಸೇರಿದರು, ಆಗ ರಾತ್ರಿ ಬಹಳವಾಗಿತ್ತು ಎಂದು ಅವರೇ ಬರೆದಿದ್ದಾರೆ. ದೇವಬಾಗದವರ ಲೆಕ್ಕ ಹಾಕಿ ನೋಡಿ: ಹುಣ್ಣಿಮೆಯ ಆಸುಪಾಸಿನ ರಾತ್ರಿಯಾದರೆ ತುಂಬು ಉಬ್ಬರ ಹತ್ತು, ಹನ್ನೊಂದಕ್ಕೆ. ಇಳಿತ ಹಿಡಿದು ಬಂದವರಿಗೆ ತಡವಾಗದೆ ಇನ್ನೇನು? ಕಾರವಾರದ ಕಡಲತೀರಕ್ಕೆ ಅವರ ಹೆಸರಿದೆ, ಆದರೆ ಅವರು ಮನಸೋತದ್ದು ಕಡಲಿನಷ್ಟೇ ಈ ಹೊಳೆಗೂ.

ಕಡವಾಡದ ಹತ್ತಿರ ನಿಲ್ಲಿಸಿದರೆ ಮಕ್ಕಳಿಗೆ ಹೇಳಿ: ಹಳೆಯ ಕಾರವಾರ ಅದೇ. ಇಂಗ್ಲಿಷ್ ವ್ಯಾಪಾರಿಗಳು 1638ರಲ್ಲಿ ಕೋಠಿ ತೆರೆದ ಕಾಲದ ಕಾರವಾರ ಇಂದಿನ ಪೇಟೆಯಲ್ಲ, ನದಿಯ ಒಳಗಿನ ಈ ಬಂದರು. ಕಾಳುಮೆಣಸು, ಮಸ್ಲಿನ್ ಬಟ್ಟೆ ಇಲ್ಲಿಂದ ಹಡಗು ಹತ್ತುತ್ತಿತ್ತು. ಇಂದಿನ ಕಾರವಾರ ಬೆಳೆದದ್ದು ಜಿಲ್ಲೆ 1862ರಲ್ಲಿ ಮದರಾಸಿನಿಂದ ಮುಂಬೈ ಪ್ರಾಂತಕ್ಕೆ ಸೇರಿದ ಮೇಲೆ. ಸದಾಶಿವಗಡ ಶಿರಸಿಯ ಹತ್ತಿರದ ಸೋದೆಯ ಅರಸರು ಕಟ್ಟಿಸಿದ ಕೋಟೆ, ಹಾಗಾಗಿ ಶಿರಸಿಯವರಿಗೂ ಅದರಲ್ಲಿ ಪಾಲಿದೆ.

ಮಲ್ಲಾಪುರ_ಕ್ವಾರ್ಟರ್ಸ್:
ಇತಿಹಾಸ ಚೆನ್ನಾಗಿದೆ. ಸುರಕ್ಷತೆಯ ಮಾತನ್ನು ಇನ್ನೂ ಯಾರೂ ಎತ್ತಲಿಲ್ಲ. 2019ರ ಜನವರಿ 21ರಂದು ಕಾರವಾರದ ಎದುರಿನ ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಹದಿನಾರು ಜನ ತೀರಿಕೊಂಡರು. ಮಕ್ಕಳೂ ಇದ್ದರು. ಈ ಊರಿನಲ್ಲಿ ಅದನ್ನು ಯಾರೂ ಮರೆತಿಲ್ಲ. ದೋಣಿ ಗೊತ್ತುಮಾಡುವಾಗ ಬಣ್ಣ, ನೆರಳು ನೋಡುವ ಮೊದಲು ನೋಂದಣಿ ಸಂಖ್ಯೆ ನೋಡಿ, ಎಷ್ಟು ಜನಕ್ಕೆ ಪರವಾನಗಿ ಎಂದು ಕೇಳಿ. ಲೈಫ್ ಜಾಕೆಟ್ ಸೀಟಿನ ಕೆಳಗೆ ಇದೆ ಎಂದರೆ ನಂಬಬೇಡಿ, ಹೊರಗೆ ತೆಗೆಸಿ, ಬಕಲ್ ಹಾಕಿ ನೋಡಿ. ದೊಡ್ಡವರ ಜಾಕೆಟ್ ಮಕ್ಕಳಿಗೆ ಹಾಕಿದರೆ ನೀರಿನಲ್ಲಿ ಅದು ಮೇಲಕ್ಕೆ ಜಾರಿ ಕಳಚುತ್ತದೆ.

ಮಳೆಗಾಲದಲ್ಲಿ ಬರುವ ಯೋಚನೆ ಯಾರಿಗಾದರೂ ಇದ್ದರೆ: 2021ರ ಜುಲೈನಲ್ಲಿ ಕದ್ರಾದಿಂದ ನೀರು ಬಿಟ್ಟಾಗ ನಮ್ಮ ಕಡೆ ಮನೆಗಳೇ ಮುಳುಗಿದ್ದವು. ಆ ಕಾಲದಲ್ಲಿ ಈ ನದಿಯಲ್ಲಿ ವಿಹಾರ ಎಂಬ ಮಾತೇ ಇಲ್ಲ.

ಗೇರುಸೊಪ್ಪೆ_ಗಾಳಿ:
ಹೊಸ ಪ್ರಶ್ನೆ. 2024ರ ಆಗಸ್ಟ್ 6ರ ರಾತ್ರಿ ಕಳೆದು 7ರ ನಸುಕಿನಲ್ಲಿ ಕುಸಿದ ಕಾಳಿಯ ಹಳೆಯ ಹೆದ್ದಾರಿ ಸೇತುವೆಯ ಜಾಗದಲ್ಲಿ ದೋಣಿ ಹಾಯುವುದು ಸುರಕ್ಷಿತವೇ?

ಕೋಡಿಬಾಗದವ:
ಅಲ್ಲಿ ಯಾವ ಕಂಬಗಳ ನಡುವೆ ಹಾಯಬೇಕು ಎಂಬುದನ್ನು ದಿನವೂ ಓಡಾಡುವವರಿಗೆ ಬಿಡಿ. ಹೊರಗಿನಿಂದ ತಂದ ಸ್ವಂತ ದೋಣಿಯಲ್ಲಿ, ಊರಿನವರಿಲ್ಲದೆ, ಅಲ್ಲಿ ಹೋಗುವ ಸಾಹಸ ಬೇಡ. 1983ರ ಆ ಸೇತುವೆ ಬರುವ ಮೊದಲು ಇಲ್ಲಿ ತಾರಿಯಲ್ಲಿಯೇ ದಾಟಬೇಕಿತ್ತು. ಅದು ಬಿದ್ದ ರಾತ್ರಿ ಲಾರಿಯ ಜೊತೆ ನೀರಿಗೆ ಬಿದ್ದ ಚಾಲಕ ಬದುಕಿ ಬಂದ ಎಂಬುದಷ್ಟೇ ಸಮಾಧಾನ. 2016ರ ಕಾಯಿದೆಯ ಪ್ರಕಾರ ಕಾಳಿ ನದಿ ರಾಷ್ಟ್ರೀಯ ಜಲಮಾರ್ಗ 52. ಹೆಸರು ಗಂಭೀರವಾಗಿದೆ. ಮರಳುದಿಬ್ಬ ಮಾತ್ರ ಕಾಯಿದೆ ಓದಿಕೊಂಡಿಲ್ಲ, ಪ್ರತಿ ಮಳೆಗಾಲದ ನಂತರ ಜಾಗ ಬದಲಿಸುತ್ತದೆ.

ಅಡಿಕೆತೋಟ (ಶಿರಸಿ):
ಹೋಗಿ ಬಂದೆವು. ತ್ರಯೋದಶಿಯಂದೇ. ಕೇಳಿದ್ದಕ್ಕೆಲ್ಲ ತಾಳ್ಮೆಯಿಂದ ಉತ್ತರಿಸಿದಿರಿ, ಆದ್ದರಿಂದ ವಿವರವಾಗಿ ಬರೆಯುತ್ತೇನೆ.

ಬೆಳಕು ಹರಿಯುವ ಹೊತ್ತಿಗೆ ಕೋಡಿಬಾಗದ ಧಕ್ಕೆಯಲ್ಲಿದ್ದೆವು. ಅಮ್ಮ ಹತ್ತಲು ತೊಂದರೆಯಾಗಲಿಲ್ಲ. ನೀರು ಏರಿದ್ದರಿಂದ ದೋಣಿಯ ಅಂಚು ಧಕ್ಕೆಯ ಸಮಕ್ಕೆ ಬಂದಿತ್ತು. ಇದೇ ದೋಣಿಗೆ ಇಳಿತದಲ್ಲಿ ಹತ್ತಬೇಕಾಗಿದ್ದರೆ ನಾಲ್ಕು ಮೆಟ್ಟಿಲು ಕೆಳಗಿಳಿಯಬೇಕಿತ್ತು, ಪಾಚಿಯ ಮೆಟ್ಟಿಲು. ಉಬ್ಬರದ ಲೆಕ್ಕ ಮೊಣಕಾಲಿಗೂ ಬೇಕಾಗುತ್ತದೆಂದು ಯಾರೂ ಹೇಳಿರಲಿಲ್ಲ. ಓಡಿಸುವವರು ಹಿರಿಯರು, ಮೀನುಗಾರಿಕೆಯಿಂದ ಬಂದವರು. ಮಾತು ಕಡಿಮೆ. ಮಕ್ಕಳಿಗೆ ಜಾಕೆಟ್ ತೊಡಿಸಿ, ಬೆಲ್ಟು ಹಿಡಿದು ಮೇಲಕ್ಕೆತ್ತಿ ನೋಡಿದರು. ಜಾರದಿದ್ದ ಮೇಲೆಯೇ ಎಂಜಿನ್ ಶುರುಮಾಡಿದರು.

ಸೇತುವೆ ದಾಟಿದ ಮೇಲೆ ಎಡಕ್ಕೆ ಸದಾಶಿವಗಡದ ಗುಡ್ಡ ಹಿಂದೆ ಸರಿಯಿತು. ಮುಂದೆ ನದಿ ಇಷ್ಟು ಅಗಲವಿದೆಯೆಂದು ಸೇತುವೆಯ ಮೇಲಿನಿಂದ ಬಸ್ಸಿನಲ್ಲಿ ನೋಡಿದಾಗ ಅನ್ನಿಸಿರಲಿಲ್ಲ. ಬೆಳಗಿನ ಮಂಜು ನೀರಿನ ಮೇಲೆ ತೆಳ್ಳಗೆ ನಿಂತಿತ್ತು, ಅದರಾಚೆ ಘಟ್ಟದ ಸಾಲು. ತಮ್ಮ ಮುಂಬೈಯಲ್ಲಿ ಸಮುದ್ರದ ಪಕ್ಕದಲ್ಲಿದ್ದೂ ದೋಣಿ ಹತ್ತಿದವನಲ್ಲ. ಮೊದಲ ಅರ್ಧ ಗಂಟೆ ಅವನ ಬಾಯಿಂದ ಮಾತು ಹೊರಡಲಿಲ್ಲ. ನನಗೆ ಅದೇ ದೊಡ್ಡ ಲಾಭ.

ಕಾಳಿಮಾತೆಯ ದ್ವೀಪಕ್ಕೆ ಅಮ್ಮ ದೂರದಿಂದಲೇ ಕೈಮುಗಿದರು. ಕಾಂಡ್ಲಾದ ಒಂದು ಕಿರುಗಾಲುವೆಯ ಬಾಯಿಯಲ್ಲಿ, ನೀರುಕಾಗೆಯವರು ಹೇಳಿದಂತೆ, ಎಂಜಿನ್ ನಿಲ್ಲಿಸಿ ಕುಳಿತೆವು. ಎಂಜಿನ್ ನಿಂತ ಮೇಲೆ ಎಲೆಯಿಂದ ನೀರು ತೊಟ್ಟಿಕ್ಕುವುದೂ ಕೇಳಿಸುತ್ತಿತ್ತು. ಮಿಂಚುಳ್ಳಿ ಬೇಕಾದಷ್ಟು. ನೀರುಕಾಗೆಗಳು ಕಂಬದ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿದ್ದವು. ಕಡಲಹದ್ದು ಕಾಣಲಿಲ್ಲ. ರೈಲು ಸೇತುವೆಯ ಕೆಳಗಿರುವಾಗಲೇ ಒಂದು ರೈಲು ಮೇಲೆ ಹಾದುಹೋಯಿತು. ಮಕ್ಕಳ ಪಾಲಿಗೆ ಇಡೀ ದಿನದಲ್ಲಿ ದೊಡ್ಡ ಘಟನೆ ಅದೇ.

ಸತ್ಯ ಹೇಳಬೇಕಲ್ಲ, ಕಡವಾಡ ದಾಟಿ ಕಿನ್ನರದ ಕಡೆಗೆ ಹೋಗುವ ಭಾಗ ಮಕ್ಕಳಿಗೆ ಬೇಸರ ತರಿಸಿತು. ದಡ ದೂರ, ನೋಟ ಒಂದೇ. ದೊಡ್ಡವರಿಗೆ ಅದೇ ಹಿತವಾಗಿತ್ತು. ಮಕ್ಕಳ ಜೊತೆ ಹೋಗುವವರು ಇಸ್ಪೀಟೋ ಮತ್ತೊಂದೋ ಇಟ್ಟುಕೊಳ್ಳಿ. ನೀರು ನಿಲ್ಲುವ ಹೊತ್ತಿಗೆ ನೆರಳಿರುವ ಒಂದು ದಡದಲ್ಲಿ ದೋಣಿ ಕಟ್ಟಿದರು. ಓಡಿಸುವವರ ಪರಿಚಯದ ಮನೆ ಹತ್ತಿರವೇ ಇತ್ತು, ಹೆಂಗಸರಿಗೆ ಶೌಚಾಲಯದ ಅನುಕೂಲವಾಯಿತು. ಇದನ್ನು ಮೊದಲೇ ಮಾತನಾಡಿಕೊಂಡಿದ್ದು ಒಳ್ಳೆಯದಾಯಿತು. ಇಡೀ ದಿನದ ದೋಣಿಯಲ್ಲಿ ಊಟಕ್ಕಿಂತ ದೊಡ್ಡ ಪ್ರಶ್ನೆ ಇದು, ಯಾರೂ ಬಾಯಿಬಿಟ್ಟು ಕೇಳುವುದಿಲ್ಲ.

ಊಟಕ್ಕೆ ಚಪಾತಿ, ಮೊಸರನ್ನ, ಮಿಡಿ ಉಪ್ಪಿನಕಾಯಿ, ತೊಡೆದೇವು. ಅಮ್ಮ ಫ್ಲಾಸ್ಕಿನಲ್ಲಿ ಅಪ್ಪೆಹುಳಿ ತಂದಿದ್ದರು. ಓಡಿಸುವವರಿಗೂ ಒಂದು ಲೋಟ ಕೊಟ್ಟರು. ಇದನ್ನು ಕುಡಿದರೆ ನಿದ್ದೆ ಬರುತ್ತದೆ, ಹುಷಾರು ಎಂದು ನಾನು ಹೇಳುವಷ್ಟರಲ್ಲಿ ಅವರು ಎರಡನೆಯ ಲೋಟಕ್ಕೆ ಕೈಯೊಡ್ಡಿದ್ದರು. ನಿದ್ದೆ ಮಾಡಿದವನು ತಮ್ಮ.

ಇಳಿತ ಶುರುವಾದದ್ದು ಗೊತ್ತಾಗಲೇ ಇಲ್ಲ. ದಡದಲ್ಲಿ ಒಂದು ಅಂಗುಲ ಒದ್ದೆ ಮಣ್ಣು ಕಂಡಿತು, ಹಗ್ಗ ಬಿಗಿಯಾಯಿತು, ಅಷ್ಟೇ. ಬಹಳ ದೂರ ಎಂಜಿನ್ ಹಾಕದೆ, ಒಂದು ಜಲ್ಲೆಯಲ್ಲಿ ದಿಕ್ಕು ತಿದ್ದುತ್ತ ಬಂದೆವು. ಹಾಗೆ ಬರುವಾಗ ದಡದ ಮನೆಗಳ ಮಾತೂ ಕೇಳಿಸುತ್ತದೆ. ಯಾರೋ ನಮ್ಮನ್ನು ಕೂಗಿ ಯಾವ ಊರು ಎಂದು ಕೇಳಿದರು. ಶಿರಸಿ ಎಂದೆವು. ಅಡಿಕೆಗೆ ಈಗ ರೇಟು ಹೇಗಿದೆ ಎಂದು ಮರುಪ್ರಶ್ನೆ ಬಂತು.

ಡಾಲ್ಫಿನ್ ನೋಡಲು ಅಳಿವೆಯ ತುದಿಗೆ ಹೋಗಬೇಕೆಂದು ಮಕ್ಕಳ ಹಟ. ಸೇತುವೆಯ ಹತ್ತಿರ ಬರುವಾಗಲೇ ಗಾಳಿ ತಿರುಗಿತ್ತು, ಕೋಡಿಬಾಗದವರು ಹೇಳಿದ ಗಿಡ್ಡ ಅಲೆಗಳು ಮುಂದೆ ಬೆಳ್ಳಗೆ ಕಾಣುತ್ತಿದ್ದವು. ಓಡಿಸುವವರು ಒಮ್ಮೆ ಅತ್ತ ನೋಡಿ, ಇವತ್ತು ಇಲ್ಲ ಎಂದು ದೋಣಿ ತಿರುಗಿಸಿದರು. ಹೆಚ್ಚಿಗೆ ಹಣ ಕೊಡುತ್ತೇನೆ ಎಂದ ತಮ್ಮನಿಗೆ ಉತ್ತರವನ್ನೂ ಕೊಡಲಿಲ್ಲ. ಅಂಥವರನ್ನೇ ಹುಡುಕಿ ಹೋಗಿ ಎಂದು ಮುಂದೆ ಹೋಗುವವರಿಗೆ ಹೇಳುತ್ತೇನೆ.

ತದಡಿತೀರ:
ಓದಿ ಖುಷಿಯಾಯಿತು. ಬೆಳಚು ಆರಿಸುವವರು ಕಂಡರೇ?

ಅಡಿಕೆತೋಟ (ಶಿರಸಿ):
ಹಿಂದಿರುಗುವಾಗ ಕಂಡರು. ಅವರಿಂದ ದೂರದಲ್ಲಿಯೇ ಎಂಜಿನ್ ನಿಲ್ಲಿಸಿ ದಾಟಿದೆವು. ನಾವು ಹೇಳಬೇಕಾಗಲಿಲ್ಲ, ಓಡಿಸುವವರೇ ನಿಲ್ಲಿಸಿದರು.

ಗೇರುಸೊಪ್ಪೆ_ಗಾಳಿ:
ಮುಂದಿನ ಸಲ ಶರಾವತಿ. ಕಡಲಹದ್ದು ತೋರಿಸುವ ಹೊಣೆ ನನ್ನದು.

ನೀರುಕಾಗೆ:
ಹಕ್ಕಿಯ ಹೊಣೆಯನ್ನು ಯಾರೂ ಹೊರಬಾರದು, ಸರ್.

ದೇವಬಾಗ_ಅಲೆ:
ಡಾಲ್ಫಿನ್‌ಗೆ ಬೇರೆ ದಿನ, ಬೇರೆ ದೋಣಿ. ಬೆಳಿಗ್ಗೆ ಏಳಕ್ಕೆ, ಗಾಳಿ ಏಳುವ ಮೊದಲು, ದೇವಬಾಗದ ಎದುರಿಗೆ. ಮಕ್ಕಳ ರಜೆ ಇನ್ನೂ ಉಳಿದಿದ್ದರೆ ತಿಥಿ ನೋಡುವ ಕೆಲಸವಿಲ್ಲ, ಯಾವಾಗ ಬೇಕಾದರೂ ಬನ್ನಿ. ಅಮ್ಮನಿಗೆ ಮಾತ್ರ ಏಕಾದಶಿ ಬಿಟ್ಟು.